ಬರ್ಕತ್ತಿನ ಬುಟ್ಟಿಯಲ್ಲಿ ಮೂರನೇ ಸಂಪುಟ

ಮನೆಯೊಳಕ್ಕೆ ಏನನ್ನಾದರೂ ಕದ್ದು ತರಬೇಕೆಂದಿದ್ದರೆ ಮನೆ ತುಂಬ ಜನ ಇರುವ ದಿನವೇ ಪ್ರಶಸ್ತ ಎಂಬುದು ಪಾಕ್ ಕಸ್ಮುದಿಯವರ ಖಚಿತ ಅಭಿಪ್ರಾಯ. ಅವರ ಅಭಿಪ್ರಾಯಗಳೆಲ್ಲ ಖಚಿತವಾದವೇ. ಮೂವತ್ತೊಂದು ವರ್ಷ ಸರ್ಕಾರದ ಮೀನುಮರಿ ಕೇಂದ್ರದಲ್ಲಿ ದುಡಿದು ನಿವೃತ್ತರಾದ ಮನುಷ್ಯ. ಬೆನ್ನಿನ ಒಂದು ಹುರುಪೆ ಕಿತ್ತು ನೋಡಿ ಮೀನಿಗೆಷ್ಟು ವಯಸ್ಸು ಎಂದು ಹೇಳಬಲ್ಲವರು. ಅಂಥವರಿಗೆ ಹೆಂಡತಿಯ ಕಣ್ಣು ತಪ್ಪಿಸುವುದು ಯಾವ ಮಹಾ ವಿದ್ಯೆ?

ಅಂಬಾರಾವಾ ಪೇಟೆಯಿಂದ ಸರೋವರಕ್ಕೆ ಇಳಿಯುವ ದಾರಿಯಲ್ಲಿ ಅವರ ಕೇರಿ. ಹಿರಿಯ ಗಂಡಸರನ್ನು 'ಪಾಕ್', ಹೆಂಗಸರನ್ನು 'ಬು' ಎಂದು ಮರ್ಯಾದೆಯಿಂದ ಕರೆಯುವ ಸೀಮೆ ಅದು. ಒಟ್ಟು ಇಪ್ಪತ್ತೈದು ಮನೆ. ಬೇರೆಯವರ ಮುಂಗೋಣೆಯಲ್ಲಿ ಕುರ್ಚಿ, ಟೀವಿ, ಮದುವೆಯ ಫೋಟೊ ಇದ್ದರೆ ಕಸ್ಮುದಿಯವರ ಮುಂಗೋಣೆಯಲ್ಲಿ ತೇಗದ ಮೂರು ಬೀರು, ಅವುಗಳ ತುಂಬ ನಾನೂರ ಹನ್ನೆರಡು ಪುಸ್ತಕ. ನಾನೂರ ಹನ್ನೆರಡೂ ಮೀನಿನವೇ. ಗುಹೆಯೊಳಗಿನ ಕುರುಡು ಮೀನಿನದೊಂದು, ಮೀನಿನ ಕಿವಿರಿನಲ್ಲಿ ವಾಸಿಸುವ ಹುಳಗಳದೊಂದು, ಜಪಾನಿ ಭಾಷೆಯಲ್ಲಿ ಹದಿನಾರು. ಓದಲು ಬಾರದವುಗಳ ಚಿತ್ರ ನೋಡುತ್ತಿದ್ದರು. ತಮಾಷೆಯೆಂದರೆ ಅವರು ಮೀನು ತಿನ್ನುವವರಲ್ಲ. ತಿಂದರೆ ಮೈಯೆಲ್ಲ ದದ್ದು.

ಈ ಸಂಸಾರದಲ್ಲಿ ಒಂದೇ ಒಂದು ಕೊರತೆಯಿತ್ತು. ಡಚ್ಚರ ಕಾಲದಲ್ಲಿ ಅಚ್ಚಾದ, ದ್ವೀಪಗಳ ಮೀನುಗಳ ಬಗೆಗಿನ ಏಳು ಸಂಪುಟಗಳಲ್ಲಿ ಆರು ಸಿಕ್ಕಿದ್ದವು, ಮೂರನೆಯದು ಇರಲಿಲ್ಲ. ಆ ಭಾಷೆಯಲ್ಲಿ ಕಸ್ಮುದಿಯವರಿಗೆ ಬರುತ್ತಿದ್ದುದು ಕೆಲವೇ ಮಾತು. ಅವುಗಳಲ್ಲಿ ಚೆನ್ನಾಗಿ ಬಾಯಿಪಾಠವಾಗಿದ್ದದ್ದು 'ಮೂರನೇ ಸಂಪುಟ ನೋಡಿ' ಎನ್ನುವುದು. ಹತ್ತೊಂಬತ್ತು ವರ್ಷಗಳಿಂದ ಆ ಆರು ಪುಸ್ತಕಗಳ ಯಾವ ಮೂಲೆ ತೆರೆದರೂ, ವಿಷಯ ರಂಗೇರುವ ಹೊತ್ತಿಗೆ ಸರಿಯಾಗಿ ಆ ಮಾತು ಎದುರಾಗುತ್ತಿತ್ತು.

ಮೊನ್ನೆ ಹಳೆ ಪುಸ್ತಕದಂಗಡಿಯ ಕೊ ಹ್ವಾಟ್ ಫೋನ್ ಮಾಡಿದ್ದ. "ಪಾಕ್, ಬಂದಿದೆ. ಮೂರನೇದು. ಗೆದ್ದಲು ಮುಟ್ಟಿಲ್ಲ."

ಬರಬಾರದ ಸಮಯದಲ್ಲೇ ಬಂದಿತ್ತು. ಹೆರಿಗೆಗೆ ಬಂದ ಮಗಳು ಹಸುಗೂಸಿನೊಂದಿಗೆ ಮನೆಯಲ್ಲಿದ್ದಳು. ಹೆಂಡತಿ ಬು ತುಮಿರಾ ಹಿಂದಿನ ವಾರವಷ್ಟೇ ಸೊಂಟಕ್ಕೆ ಕೈಯಿಟ್ಟು ನಿಂತಿದ್ದರು.

"ರೀ, ಮಗು ಮಲಗಿಸೋಕೆ ಜಾಗ ಇಲ್ಲ, ನಿಮ್ಮ ಮೀನುಗಳು ಮಾತ್ರ ಕಾಲು ಚಾಚ್ಕೊಂಡು ಮಲಗಿವೆ. ಇನ್ನೊಂದೇ ಒಂದು ಮೀನಿನ ಪುಸ್ತಕ ಈ ಹೊಸ್ತಿಲು ದಾಟಲಿ, ಒಳಗಿರೋದೆಲ್ಲ ಹೊರಗೆ! ಬಾಳೆಹಣ್ಣು ಕರಿದು ಮಾರೋ ಬು ಸರ್ತಿನಿಗೆ ಪೊಟ್ಟಣ ಕಟ್ಟೋಕೆ ಕೊಟ್ಟುಬಿಡ್ತೀನಿ."

"ಆಗಲಿ, ನೋಡೋಣ" ಎಂದರು ಕಸ್ಮುದಿ.

"ಆ ಆಟ ನನ್ನ ಹತ್ರ ಬೇಡ. ಮಗು ತಲೆ ಮುಟ್ಟಿ ಹೇಳಿ."

ಆ ಕೇರಿಯಲ್ಲಿ ಯಾರೂ ಯಾರಿಗೂ ಮುಖಕ್ಕೆ ಹೊಡೆದಂತೆ 'ಇಲ್ಲ' ಅನ್ನುವುದಿಲ್ಲ. 'ಆಗಲಿ, ನೋಡೋಣ' ಅಂದರೇ ಇಲ್ಲ. ಹೇಳಲೇಬೇಕಾದ ಮಾತಿದ್ದರೆ ಸೂಚನೆ ಕಳಿಸುತ್ತಾರೆ. ಹಿಂದೊಮ್ಮೆ ಟೊಹಿರನ ಹುಂಜ ಹೊತ್ತುಗೊತ್ತಿಲ್ಲದೆ ಕೂಗುತ್ತಿದ್ದಾಗ ಪಕ್ಕದ ಮನೆಯವರು ಜಗಳಕ್ಕೆ ಹೋಗಲಿಲ್ಲ. ಕೋಳಿಸಾರಿನ ಮಸಾಲೆ ಅರೆದು ಒಂದು ಬಟ್ಟಲು ಕಳಿಸಿಕೊಟ್ಟರು. ಟೊಹಿರನಿಗೆ ಅರ್ಥವಾಯಿತು. ಕೇರಿಯ ಮುಖ್ಯಸ್ಥ ಪಾಕ್ ವಾಸ್ಕಿತೊ ಕಾವಲುಕಟ್ಟೆಯ ಪಕ್ಕ ಒಂದು ವಾಚನಾಲಯ ತೆರೆದು, ಅದರಲ್ಲಿ ಏಳೇ ಪುಸ್ತಕ ಇಟ್ಟುಕೊಂಡು, "ನಿಮ್ಮವು ನಾಲ್ಕು ಕೊಡಿ ಪಾಕ್" ಎಂದು ಎರಡು ವರ್ಷದಿಂದ ಕೇಳುತ್ತಿದ್ದರು. ಕಸ್ಮುದಿಯವರೂ ಎರಡು ವರ್ಷದಿಂದ "ಆಗಲಿ, ನೋಡೋಣ" ಎನ್ನುತ್ತಿದ್ದರು. ಆದರೆ ಮೊಮ್ಮಗಳ ತಲೆ ಮುಟ್ಟಿದ ಮೇಲೆ ಹಾಗೆ ಜಾರಿಕೊಳ್ಳುವಂತಿರಲಿಲ್ಲ. ಮಾತು ಕೊಟ್ಟಿದ್ದರು.

ಇವತ್ತು ಆ ಮಗುವಿಗೆ ಮೂವತ್ತೈದು ದಿನ ತುಂಬಿದ ಶಾಸ್ತ್ರ. ಮಧ್ಯಾಹ್ನದ ನಮಾಜ್ ಮುಗಿಸಿ ಮನೆಗೊಬ್ಬರಂತೆ ಗಂಡಸರು ಬಂದು ಚಾಪೆಯ ಮೇಲೆ ಕೂತು ದುವಾ ಮಾಡುತ್ತಾರೆ. ಹೋಗುವಾಗ ಅನ್ನ, ಕೋಳಿ, ಶಾವಿಗೆ ತುಂಬಿ ಮುಚ್ಚಳ ಹಾಕಿ ಕೆಂಪು ದಾರ ಕಟ್ಟಿದ ಬಿದಿರಿನ ಬರ್ಕತ್ತಿನ ಬುಟ್ಟಿಯನ್ನು, ಮನೆಗೆ ಸಮೃದ್ಧಿ ಬರಲೆಂದು, ತಲೆಗೊಂದು ಒಯ್ಯುತ್ತಾರೆ. ಬೆಳಗಿನಿಂದಲೇ ಕೇರಿಯ ಹೆಂಗಸರೆಲ್ಲ ಅಡುಗೆಮನೆಯಲ್ಲಿ ಸೇರಿದ್ದರು. ಬಾಳೆಎಲೆ ತರುವ ನೆಪದಲ್ಲಿ ಪೇಟೆಗೆ ಹೋದ ಕಸ್ಮುದಿ ಮೂರನೇ ಸಂಪುಟವನ್ನು ಅಂಥದೇ ಒಂದು ಬಿದಿರು ಬುಟ್ಟಿಯಲ್ಲಿಟ್ಟು, ಮುಚ್ಚಳ ಹಾಕಿ, ಕೆಂಪು ದಾರ ಕಟ್ಟಿ ತಂದರು. ಇಟ್ಟಿಗೆಯಂಥ ಪುಸ್ತಕ; ತೂಕವೂ ಅನ್ನ, ಕೋಳಿಯ ತೂಕವೇ. ಪೊಲೀಸರು ಬಂದು ಹುಡುಕಿದರೂ ಸಿಗದಂಥ ಉಪಾಯವೆಂದು ತಮ್ಮ ಬೆನ್ನು ತಾವೇ ತಟ್ಟಿಕೊಂಡರು. ಹಿತ್ತಿಲ ಬಾಗಿಲ ಬಳಿ ಬೆಂಚಿನ ಕೆಳಗೆ ಅದನ್ನು ಇಟ್ಟರೋ ಇಲ್ಲವೋ, "ರೀ, ಚಾಪೆ ಹಾಸೋರು ಯಾರು?" ಎಂದು ಬು ತುಮಿರಾ ಕೂಗಿದರು.

ಚಾಪೆ ಹಾಸಿದ್ದಾಯಿತು, ಜನ ಬಂದದ್ದಾಯಿತು, ದುವಾ ಆಯಿತು. ಮಗುವಿನ ಎಳೆಗೂದಲು ಕತ್ತರಿಸಿದ್ದಾಯಿತು. ಎಲ್ಲರೂ ಬುಟ್ಟಿ ಹಿಡಿದು ಹೊರಟುಹೋದರು. ಕಸ್ಮುದಿ ಮೆಲ್ಲಗೆ ಹಿತ್ತಿಲಿಗೆ ಬಂದು ನೋಡಿದರೆ ಬೆಂಚಿನ ಕೆಳಗೆ ಬರೀ ನೆಲ.

"ಇಲ್ಲಿದ್ದ ಬುಟ್ಟಿ?"

"ಅದಾ?" ಪಾತ್ರೆ ತಿಕ್ಕುತ್ತಿದ್ದ ನೆರೆಮನೆಯ ಬು ಸುಕೆಸಿ ತಲೆಯೆತ್ತಿದಳು. "ಅಲ್ಲೊಂದು ಬಿದ್ದಿತ್ತು ಅಂತ ನಾನೇ ಸಾಲಿಗೆ ಸೇರಿಸ್ದೆ. ಇಪ್ಪತ್ನಾಲ್ಕು ಕಟ್ಟಿದ್ವಿ, ಕೊನೆಗೆ ಒಂದು ಹೆಚ್ಚಾಗಿ ಉಳೀತು. ನೋಡಿ ಪಾಕ್, ಇದು ನಿಜವಾದ ಬರ್ಕತ್ತು!"

ಉಳಿದಿದ್ದ ಬುಟ್ಟಿಯನ್ನು ಕಸ್ಮುದಿ ಬಿಚ್ಚಿದರು. ಒಳಗೆ ಕೋಳಿಯ ತೊಡೆ ಅವರನ್ನೇ ನೋಡುತ್ತಿತ್ತು. ಅಂದರೆ ಇಪ್ಪತ್ತನಾಲ್ಕು ಮನೆಗಳಲ್ಲಿ ಯಾವುದೋ ಒಂದು ಮನೆಗೆ ಅನ್ನವೂ ಇಲ್ಲ, ಕೋಳಿಯೂ ಇಲ್ಲ. ಹೋಗಿರುವುದು ಹತ್ತೊಂಬತ್ತು ವರ್ಷ ಕಾದ ಮೂರನೇ ಸಂಪುಟ. ಆದರೂ ಧೈರ್ಯ ಬಿಡುವ ಜೀವವಲ್ಲ ಅದು. ಮನೆಮನೆಗೆ ಹೋಗಿ ಮೆಲ್ಲಗೆ ವಿಚಾರಿಸುವುದು, ಸಿಕ್ಕ ಕಡೆ ಈ ಬುಟ್ಟಿ ಕೊಟ್ಟು ಆ ಬುಟ್ಟಿ ತರುವುದು, ಅರ್ಧ ಗಂಟೆಯ ಕೆಲಸ ಎಂದುಕೊಂಡು ಅದೇ ದಾರ ಮತ್ತೆ ಕಟ್ಟಿ ಕಂಕುಳಲ್ಲಿಟ್ಟುಕೊಂಡು ಹೊರಟರು.

ಮೊದಲ ಮನೆಯಲ್ಲಿ ಸಕ್ಕರೆ ಸುರಿದ ಚಹಾ ಬಂತು. ಕುಡಿಯದೆ ಏಳುವಂತಿಲ್ಲ.

"ನಿಮಗೆ ಬಂದ ಬುಟ್ಟಿ ಚೆನ್ನಾಗಿತ್ತಾ?"

"ಅಯ್ಯೋ, ಏನು ರುಚಿ ಪಾಕ್! ಬೆರಳು ಚೀಪಿಕೊಂಡ್ವಿ."

ಎರಡನೇ ಮನೆಯಲ್ಲೂ ಚಹಾ, ಅಲ್ಲೂ ಅದೇ ಹೊಗಳಿಕೆ. ಮೂರನೆಯದರಲ್ಲೂ ಅಷ್ಟೇ. ಆಗ ಕಸ್ಮುದಿಯವರಿಗೆ ಕಷ್ಟದ ಆಳ ತಿಳಿಯಿತು. ಬುಟ್ಟಿಯಲ್ಲಿ ಕಲ್ಲು ತುಂಬಿ ಕಳಿಸಿದ್ದರೂ ಈ ಕೇರಿಯ ಜನ ರುಚಿಯಾಗಿತ್ತು ಎಂದೇ ಹೇಳುತ್ತಾರೆ! ಇವರ ಬಾಯಿಂದ ನಿಜ ಹೊರಡಿಸಲು ತಂತ್ರವೇ ಬೇಕು. ನಾಲ್ಕನೆಯದು ಟೊಹಿರನ ಮನೆ. ಅಲ್ಲಿ ಬಲೆ ಬೀಸಿದರು.

"ಮೇಕೆಮಾಂಸ ಬೆಂದಿತ್ತಾ ಟೊಹಿರ್?"

ಮೇಕೆಮಾಂಸ ಇರಲೇ ಇಲ್ಲ. ಕೋಳಿ ತಿಂದವನು ಗಲಿಬಿಲಿಗೊಳ್ಳಬೇಕು. ಪುಸ್ತಕ ಸಿಕ್ಕವನು ಮಾತ್ರ ಹೌದು ಅನ್ನಬೇಕು. ಅದು ಲೆಕ್ಕಾಚಾರ.

ಟೊಹಿರ್ ಒಂದು ಕ್ಷಣ ಹೆಂಡತಿಯ ಮುಖ ನೋಡಿದ. "ಬೆಣ್ಣೆ ಹಾಗೆ ಬೆಂದಿತ್ತು ಪಾಕ್. ಮೇಕೆ ಅಂದ್ರೆ ನಿಮ್ಮನೇದೇ."

ಸಿಕ್ಕಿಬಿದ್ದ ಎಂದು ಕಸ್ಮುದಿ ಹಿಗ್ಗಿದರು. "ಹಾಗಾದ್ರೆ ಬುಟ್ಟಿ ಕೊಡು, ನೋಡೋಣ" ಎಂದುಬಿಟ್ಟರು. ಟೊಹಿರನ ಹೆಂಡತಿ ಬುಟ್ಟಿ ತಂದಳು. ಒಳಗೆ ಚೆನ್ನಾಗಿ ಚೀಪಿದ ಕೋಳಿಮೂಳೆಗಳಿದ್ದವು. ಐದನೇ ಮನೆಯವರೂ ಮೇಕೆಯನ್ನು ಹೊಗಳಿದರು. ಆರನೆಯವರು ಒಂದು ಹೆಜ್ಜೆ ಮುಂದೆ ಹೋಗಿ ಅದರ ಮಸಾಲೆಯ ಪಾಕವಿಧಾನ ಬರೆದುಕೊಡಿ ಎಂದರು.

ಏಳನೇ ಮನೆ ವಾಸ್ಕಿತೊ ಅವರದು. ಅವರಿರಲಿಲ್ಲ. "ಬುಟ್ಟಿ ಬಿಚ್ಚಿದವರೇ ಚಪ್ಪಲಿ ಸಹ ಹಾಕ್ಕೊಳ್ದೆ ಕೈಗಾಡಿ ತರ್ತೀನಿ ಅಂತ ಓಡಿದ್ರು. ಊಟಾನೂ ಮಾಡಿಲ್ಲ" ಎಂದರು ಅವರ ಹೆಂಡತಿ, ಕಸ್ಮುದಿಯವರ ಕಂಕುಳಲ್ಲಿದ್ದ ಬುಟ್ಟಿಯನ್ನೇ ಆಸೆಯಿಂದ ನೋಡುತ್ತ. ಮುಖ್ಯಸ್ಥರಿಗೆ ನೂರೆಂಟು ಕೆಲಸ ಎಂದುಕೊಂಡು ಕಸ್ಮುದಿ ಅಲ್ಲೂ ಚಹಾ ಮುಗಿಸಿ ಮುಂದೆ ನಡೆದರು.

ಅಷ್ಟರಲ್ಲಿ ಸುದ್ದಿ ಅವರಿಗಿಂತ ಮುಂದೆ ನಡೆದಿತ್ತು. ಬುಟ್ಟಿ ಬಿಚ್ಚಿಸಿ ನೋಡುತ್ತಿದ್ದಾರಂತೆ ಎಂದು ಒಬ್ಬರೆಂದರು. ಕೋಳಿ ಕೆಟ್ಟಿತ್ತಂತೆ ಎಂದು ಇನ್ನೊಬ್ಬರು. ಕೋಳಿಯಲ್ಲ, ಮೇಕೆ, ಅದೂ ಸತ್ತ ಮೇಕೆಯಂತೆ ಎಂದು ಮತ್ತೊಬ್ಬರು. ಹತ್ತನೇ ಮನೆಗೆ ಬರುವಷ್ಟರಲ್ಲಿ ಹೆಂಗಸರು ಪೇರಲ ಎಲೆಯ ಕಷಾಯ ಕುದಿಸುತ್ತಿದ್ದರು. ಅಷ್ಟು ಹೊತ್ತೂ ಗಟ್ಟಿಮುಟ್ಟಾಗಿದ್ದ ಟೊಹಿರ್ ಹೊಟ್ಟೆ ಹಿಡಿದುಕೊಂಡು ಜಗಲಿಯ ಮೇಲೆ ಮಲಗಿದ್ದಾನೆಂದು ವರದಿ ಬಂತು.

"ಪಾಕ್, ನಿಜ ಹೇಳಿ" ಎಂದು ಬು ಸುಕೆಸಿ ದಾರಿಗಡ್ಡ ನಿಂತಳು. "ನಾನು ಎರಡು ತುಂಡು ತಿಂದಿದೀನಿ. ಬದುಕ್ತೀನಾ?"

"ಬದುಕ್ತೀಯಮ್ಮಾ! ಕೋಳಿಗೆ ಏನೂ ಆಗಿಲ್ಲ!"

"ಹಾಗಾದ್ರೆ ಮನೆಮನೆ ಯಾಕೆ ಸುತ್ತುತಾ ಇದೀರಿ?"

ಹೊಟ್ಟೆಯಲ್ಲಿ ಹತ್ತು ಲೋಟ ಚಹಾ ಕುಲುಕಾಡುತ್ತಿತ್ತು. ನಿಜ ಹೇಳಿದರೆ ಮಾತಿಗೆ ತಪ್ಪಿದವರಾಗುತ್ತಾರೆ, ನಾನೂರ ಹನ್ನೆರಡೂ ಬಾಳೆಹಣ್ಣಿನ ಪೊಟ್ಟಣವಾಗುತ್ತವೆ. ಹೇಳದಿದ್ದರೆ ಮೊಮ್ಮಗಳ ಶಾಸ್ತ್ರದೂಟ ವಿಷದೂಟವೆಂದು ಊರೆಲ್ಲ ಹಬ್ಬುತ್ತದೆ. ಪುಸ್ತಕ ಎಲ್ಲಿದ್ದರೂ ಕ್ಷೇಮವಾಗಿರಲಿ, ನಾಳೆ ಹೊಸ ಉಪಾಯ ಹೂಡಿದರಾಯಿತು, ಬೀರುಗಳಂತೂ ಭದ್ರವಾಗಿವೆಯಲ್ಲ ಎಂದು ಸಮಾಧಾನ ಮಾಡಿಕೊಂಡು ಮನೆಯತ್ತ ತಿರುಗಿದರು.

ಮನೆ ಮುಂದೆ ಜನ ಸೇರಿದ್ದರು. ಹೊಸ್ತಿಲಲ್ಲಿ ಬು ತುಮಿರಾ ತಲೆವಸ್ತ್ರದಂಚಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ಎಲ್ಲ ಗೊತ್ತಾಗಿಹೋಯಿತು ಎಂದುಕೊಂಡರು ಕಸ್ಮುದಿ.

"ರೀ" ಎಂದು ಆಕೆ ಎಲ್ಲರೆದುರಿಗೇ ಗಂಡನ ಕೈ ಹಿಡಿದುಕೊಂಡರು. "ಮೊಮ್ಮಗಳಿಗೋಸ್ಕರ ಇಷ್ಟು ಮಾಡ್ತೀರಿ ಅಂತ ಅಂದ್ಕೊಂಡಿರ್ಲಿಲ್ಲ. ನಾನು ನಿಮಗೆ ಏನೇನೋ ಅಂದ್ಬಿಟ್ಟೆ."

ಆಕೆಯ ಭುಜದ ಮೇಲಿಂದ ಮುಂಗೋಣೆ ಕಾಣುತ್ತಿತ್ತು. ಮೂರೂ ಬೀರು ಬಾಗಿಲು ತೆರೆದುಕೊಂಡಿದ್ದವು. ಎರಡು ಖಾಲಿ. ಮೂರನೆಯದರಲ್ಲಿ ಆಗಲೇ ಮಗುವಿನ ಬಟ್ಟೆಗಳು ಮಡಿಚಿಕೊಂಡು ಕೂತಿದ್ದವು.

ಬರಿಗಾಲಿನ ಪಾಕ್ ವಾಸ್ಕಿತೊ ಮುಂದೆ ಬಂದರು. ಅವರ ಕಣ್ಣೂ ಒದ್ದೆಯಾಗಿತ್ತು. "ಬುಟ್ಟಿ ಬಿಚ್ಚಿದ ಕೂಡಲೇ ಅರ್ಥವಾಯ್ತು ಪಾಕ್! ಎರಡು ವರ್ಷದಿಂದ ಕೇಳ್ತಿದ್ದೆ. ಬಾಯಿಬಿಟ್ಟು ಒಂದು ಮಾತಾಡದೆ, ಅನ್ನ ಇಡೋ ಜಾಗದಲ್ಲಿ ಮೀನಿನ ಪುಸ್ತಕ ಇಟ್ಟು ನನಗೆ ಸೂಚನೆ ಕಳಿಸಿದ್ರಿ. ಎಂಥಾ ದೊಡ್ಡತನ! ಅದನ್ನೇ ಬು ತುಮಿರಾಗೆ ಹೇಳ್ದೆ. ಪಾಪ, ಅವರೇ ನಿಂತು ಎಲ್ಲ ಗಾಡಿಗೆ ಏರಿಸಿಕೊಟ್ರು. ನಾಲ್ಕು ಸಲ ಹೊಡೆದ್ವಿ. ಈಗ ವಾಚನಾಲಯದಲ್ಲಿ ಕಾಲಿಡೋಕೆ ಜಾಗ ಇಲ್ಲ."

ಕೇರಿಗೆ ಕೇರಿಯೇ ಚಪ್ಪಾಳೆ ತಟ್ಟಿತು. ಹೊಟ್ಟೆನೋವು ಮರೆತು ಟೊಹಿರನೂ ತಟ್ಟಿದ. ಗಾಬರಿಯಲ್ಲಿ ಕಸ್ಮುದಿಯವರ ಬಾಯಿಂದ ಹೊರಟದ್ದು ಅದೇ ಹಳೆಯ ಮಾತು: "ಆಗಲಿ, ನೋಡೋಣ." ಹುಟ್ಟಿದಾಗಿನಿಂದ ಆ ಮಾತಿನ ಅರ್ಥ ಬಲ್ಲ ಜನ, ಇವತ್ತು ಮಾತ್ರ ಎಂಥ ವಿನಯವೆಂದು ತಲೆದೂಗಿದರು. ನಿಜ ಹೇಳಿದ್ದರೆ ಪುಸ್ತಕಗಳು ಸರ್ತಿನಿಯ ಬಾಣಲೆಯ ಪಕ್ಕಕ್ಕೆ ಹೋಗುತ್ತಿದ್ದವು, ಹೆಂಡತಿಯ ಮುಖದ ಈ ಬೆಳಕೂ ಹೋಗುತ್ತಿತ್ತು. ಇಪ್ಪತ್ತೆಂಟು ವರ್ಷದ ಸಂಸಾರದಲ್ಲಿ ಆ ಬೆಳಕನ್ನು ಅವರು ಕಂಡದ್ದು ಅಪರೂಪ.

"ಇನ್ನೊಂದು ವಿಷಯ" ಎಂದು ವಾಸ್ಕಿತೊ ಕೆಂಪು ದಾರದ ಬುಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದು ಕೊಟ್ಟರು. "ಬುಟ್ಟಿ ಖಾಲಿ ವಾಪಸು ಕೊಡೋ ಪದ್ಧತಿ ನಮ್ಮಲ್ಲಿಲ್ಲ. ಅಷ್ಟೊಂದು ಕೊಟ್ಟವರ ಮನೇಲಿ ನೆನಪಿಗೆ ಒಂದಾದ್ರೂ ಇರಲಿ ಅಂತ, ನೀವು ಕಳಿಸಿದ್ದನ್ನೇ ಇಟ್ಟಿದೀನಿ."

"ಒಂದಾದ್ರೆ ಇರಲಿ" ಎಂದು ಬು ತುಮಿರಾ ಉದಾರವಾಗಿ ಒಪ್ಪಿದರು.

ಕಂಕುಳಲ್ಲಿದ್ದ ಬುಟ್ಟಿಯನ್ನು ಕಸ್ಮುದಿ ವಾಸ್ಕಿತೊ ಕೈಗಿಟ್ಟರು. ಅವರ ಹೆಂಡತಿಗೆ ಅಂತೂ ಕೋಳಿ ಸಿಕ್ಕಿತು.

ಜನ ಚದುರಿದ ಮೇಲೆ ಕಸ್ಮುದಿ ಖಾಲಿ ಬೀರುವಿನ ನಡುವಿನ ಹಲಗೆಯಲ್ಲಿ, ಎಡಗಡೆ ಎರಡು ಪುಸ್ತಕದಷ್ಟು ಜಾಗ ಬಿಟ್ಟು, ಮೂರನೇ ಸಂಪುಟವನ್ನು ನಿಲ್ಲಿಸಿದರು. ಮತ್ತೆ ತೆಗೆದು ಕನ್ನಡಕ ಹಾಕಿಕೊಂಡು ಬಿಡಿಸಿದರು. ಮೊದಲ ಪುಟದಲ್ಲೇ ಗುರಾಮಿ ಮೀನಿನ ಬಣ್ಣದ ಚಿತ್ರ. ಹುರುಪೆ ಎಣಿಸುವಷ್ಟು ಸ್ಪಷ್ಟ. ಅವರ ಎದೆ ತುಂಬಿ ಬಂತು. ಚಿತ್ರದ ಕೆಳಗೆ ಸಣ್ಣಕ್ಷರದಲ್ಲಿ ಒಂದು ಸಾಲಿತ್ತು. ಅದನ್ನು ಓದುವಷ್ಟು ಡಚ್ ಅವರಿಗೆ ಬರುತ್ತಿತ್ತು.

'ವಿವರಕ್ಕೆ ಎರಡನೇ ಸಂಪುಟ ನೋಡಿ.'