ಲಾರಿಯಲ್ಲಿ ಬಂದ ಮನೆಯ ಹಿಂಬಾಗಿಲು

ನಾನು ಬೆಳಿಗ್ಗೆ ವಿಭೂತಿ ಧರಿಸಿ, ಯಾರ ತಂಟೆಗೂ ಹೋಗದೆ ಇರುವ ಮನುಷ್ಯ. ಆದರೂ ನಗೆಪಾಟಲಿನ ಸಂಗತಿಗಳು ನನ್ನ ಮನೆ ಹುಡುಕಿಕೊಂಡೇ ಬರುತ್ತವೆ. ಈ ಸಲ ಮನೆಯೇ ಹುಡುಕಿಕೊಂಡು ಬಂತು. ಅದರ ಮೊದಲ ಭಾಗವನ್ನು ನಾನು ಕಣ್ಣಾರೆ ಕಂಡಿಲ್ಲ. ಅದನ್ನು ನನಗೆ ಹೇಳಿದವನು ನನ್ನ ಹೆಂಡತಿಯ ತಮ್ಮ, ಮೊಳಕಾಲ್ಮೂರಿನಲ್ಲಿ ರೇಷ್ಮೆ ಸೀರೆ ನೇಯುವವನು.

ನನ್ನಿವಾಳದ ಹತ್ತಿರ ನಮ್ಮ ಹೊಲವಿದೆ. ಊರೊಳಗೆ ಮನೆಯಿದ್ದರೂ ಅಲ್ಲೇ ವಾಸಕ್ಕೊಂದು ಪುಟ್ಟ ಮನೆ ಬೇಕಿತ್ತು. ಕಾರ್ಖಾನೆಯಲ್ಲಿ ಕಬ್ಬಿಣದ ಚೌಕಟ್ಟು, ಹೊರಗೋಡೆ, ಸೂರು ಎಲ್ಲ ಮಾಡಿ ಲಾರಿಯಲ್ಲಿ ತಂದು ಇಟ್ಟುಹೋಗುತ್ತಾರೆ, ಒಳಗಿನ ಕೆಲಸ ನಾವೇ ಮಾಡಿಕೊಳ್ಳಬಹುದು ಎಂದು ಮಗಳು ಮೊಬೈಲಿನಲ್ಲಿ ತೋರಿಸಿದಳು. ಉದ್ದ ಇಪ್ಪತ್ತು ಅಡಿ, ಅಗಲ ಒಂಬತ್ತು. ಹೂಂ ಅಂದೆ.

ಚಳ್ಳಕೆರೆಯಲ್ಲಿ ಹತ್ತಿದ ಅಜ್ಜಿ

ಮನೆ ತರಲು ಹೋದವನು ಭಾವಮೈದ. ಚಳ್ಳಕೆರೆಯಲ್ಲಿ ಲಾರಿ ನಿಲ್ಲಿಸಿ, ಡ್ರೈವರೂ ಇವನೂ ಚಹಾ ಕುಡಿಯಲು ಇಳಿದರಂತೆ. ತಿರುಗಿ ಬಂದು ನೋಡಿದರೆ, ಹಗ್ಗ ಬಿಗಿಯಲು ಇಟ್ಟಿದ್ದ ಏಣಿ ಹತ್ತಿಕೊಂಡು ಒಬ್ಬ ಅಜ್ಜಿ ಮನೆಯೊಳಗೆ ಕೂತಿದ್ದಾಳೆ. ಮಗ್ಗುಲಲ್ಲಿ ಈರುಳ್ಳಿ ಚೀಲ.

"ನನ್ನಿವಾಳಕ್ಕೆ ಹೋಗ್ತೈತೇನಪ್ಪಾ?"

"ಹೋಗ್ತೈತಜ್ಜಿ. ಆದ್ರೆ ಇದು ಬಸ್ಸಲ್ಲ, ಮನೆ."

ಅಜ್ಜಿ ಸೂರು ನೋಡಿದಳು, ಗೋಡೆ ನೋಡಿದಳು, ಕಾಲು ಚಾಚಿದಳು.

"ಮನೆ ಆದ್ರೆ ಒಂದ್ ಚೆಂಬು ನೀರು ಕೊಡು ಮತ್ತೆ. ಬಂದೋರಿಗೆ ನೀರು ಬೇಕಾ ಅಂತ ಕೇಳೋದು ಗೊತ್ತಿಲ್ವಾ?"

ಮನೆಯ ಬಲಗಾಲು

ಹೊಲದಲ್ಲಿ ಮನೆಯ ನಾಲ್ಕು ಮೂಲೆ ಕೂರಲು ನಾಲ್ಕು ಕಲ್ಲುಕಟ್ಟೆ ಕಟ್ಟಿಸಿದ್ದೆವು. ಕ್ರೇನಿನವನು ಮನೆಯನ್ನು ಎತ್ತಿ ಇನ್ನೇನು ಇಳಿಸಬೇಕು, ಎಂಬತ್ತು ದಾಟಿದ ನಮ್ಮ ಅವ್ವ ಆರತಿ ತಟ್ಟೆ ಹಿಡಿದು ಎದುರಿಗೆ ನಿಂತಳು.

"ಸೊಸೇನ ಮನೆ ತುಂಬಿಸ್ಕಂಡಿದ್ದೆ. ಈಗ ಮನೇನೇ ತುಂಬಿಸ್ಕಂತೀನಿ. ಲೇ ಅಪ್ಪಯ್ಯ, ಬಲಗಾಲು ಮುಂದಿಟ್ಟು ಇಳಿಸು."

ಕ್ರೇನಿನವನು ಮೇಲಿಂದ ಕೂಗಿದ. "ಅಜ್ಜೀ, ಇದಕ್ಕೆ ಬಲಗಾಲು ಯಾವುದು?"

"ನಿನ್ನ ಎಡಗೈ ಕಡೀದು ಕಣೋ. ಅದು ನಮ್ಮ ಕಡೆ ಮುಖ ಮಾಡೈತೆ, ಕಾಣಲ್ವಾ?"

ಅವನು ಆ ಮೂಲೆಯನ್ನೇ ಮೊದಲು ಕಲ್ಲಿಗೆ ತಾಗಿಸಿದ. ಹೋಗುವಾಗ ನನ್ನನ್ನು ಪಕ್ಕಕ್ಕೆ ಕರೆದು, "ಯಜಮಾನ್ರೇ, ಇಷ್ಟು ವರ್ಷದಾಗೆ ಎಷ್ಟೋ ಎತ್ತಿಳಿಸೀನಿ, ಇಳಿಸೋ ಸಾಮಾನಿಗೆ ನಾಚಿಕೆ ಆದಂಗೆ ಕಂಡಿದ್ದು ಇದೇ ಮೊದ್ಲು," ಅಂದ.

ರವಿಕೆ ಕಣ

ಒಳಗೋಡೆಗೆ ಪ್ಲೈವುಡ್ ಹಲಗೆ ಹೊಡೆಯುವ ಕೆಲಸ ಭಾವಮೈದನದು. ಅವನು ಮಗ್ಗದ ಮನುಷ್ಯ. ಒಂದು ಹಲಗೆಯ ಮರದ ಗೆರೆ ಪಕ್ಕದ ಹಲಗೆಯ ಗೆರೆಗೆ ಸೇರಲೇಬೇಕು, ಸೀರೆಯ ಅಂಚು ಅಂಚಿಗೆ ಕೂಡಿದ ಹಾಗೆ. ಎರಡು ದಿನ ಹಲಗೆಯನ್ನು ತಿರುಗಾಮುರುಗಾ ಮಾಡಿದ, ದೂರ ನಿಂತು ಕಣ್ಣು ಕಿರಿದು ಮಾಡಿ ನೋಡಿದ. ಗೋಡೆ ಮುಗಿದಾಗ ನಿಜವಾಗಿಯೂ ಚೆಂದವಿತ್ತು. ಹಲಗೆಗೆ ಹಲಗೆ ಎಲ್ಲಿ ಸೇರಿದೆ ಎಂದು ಹುಡುಕಿದರೂ ಸಿಗದು.

ಮಗಳು ದೀಪ ಹಾಕಲು ಹೋದಳು. ಸ್ವಿಚ್ಚೂ ಸಿಗದು. ಸ್ವಿಚ್ಚಿನ ಡಬ್ಬಿ ಹಲಗೆಯ ಹಿಂದಿತ್ತು.

"ಇಲ್ಲಿ ಒಂದು ಚೌಕ ಕತ್ತರಿಸು ಮಾವ," ಎಂದಳು ಮಗಳು.

"ಆಗಲ್ಲ! ನೇಯ್ದ ಸೀರೆಗೆ ಯಾರಾದ್ರೂ ಕತ್ತರಿ ಹಾಕ್ತಾರಾ?"

ಹೊರಗೆ ಅಕ್ಕಿ ಆರಿಸುತ್ತಿದ್ದ ನನ್ನ ಹೆಂಡತಿ ತಲೆ ಎತ್ತದೆ ಅಂದಳು. "ಸೀರೆಯಾಗಿಂದ ರವಿಕೆ ಕಣ ಕತ್ತರಿಸಲ್ವೇನೋ? ಹಂಗೆ ಅನ್ಕಂಡು ಕತ್ತರಿಸು."

ಒಳಗಿಂದ ಒತ್ತುವವರು ಯಾರು?

ಇನ್ನು ನನ್ನ ಸರದಿ. ಮನೆಯ ಮುಂಬಾಗಿಲು ಪೂರ್ವಕ್ಕೆ. ಅದಕ್ಕೆ ನೇರವಾಗಿ ಪಶ್ಚಿಮದ ಗೋಡೆಯಲ್ಲಿ ಕಾರ್ಖಾನೆಯವರು ಹಿಂಬಾಗಿಲಿಗೆ ಎಂದು ಜಾಗ ಬಿಟ್ಟಿದ್ದರು. ಅದನ್ನು ಮುಚ್ಚಿ ಅಲ್ಲಿ ದೇವರ ಗೂಡು ಮಾಡಬೇಕೆಂಬುದು ನನ್ನ ಆಸೆ. ಬಾಗಿಲು ತೆರೆದರೆ ಸೂರ್ಯನ ಮೊದಲ ಬೆಳಕು ಶಿವನ ಮೇಲೆ ಬೀಳಬೇಕು. ಹೆಂಡತಿಗೆ ಅಲ್ಲಿ ಬಾಗಿಲೇ ಬೇಕು.

"ಇಷ್ಟೇ ಇಷ್ಟು ಮನೆಗೆ ಎರಡು ಬಾಗಿಲು ಯಾಕೆ?" ಎಂದೆ.

"ಪಾತ್ರೆ ತೊಳೆದ ನೀರು, ಕಸ, ಮುಸುರೆ, ಎಲ್ಲಾ ಮುಂಬಾಗಿಲಾಗೇ ಹೊತ್ಕಂಡು ಹೋಗ್ಲಾ? ಬಂದೋರು ಒಳಗೆ ಬರ್ತಿರ್ಬೇಕು, ನಾನು ಮುಸುರೆ ಹಿಡ್ಕಂಡು ಎದುರಿಗೆ ಹೋಗ್ತಿರ್ಬೇಕಾ?"

ನಾನು ಜಗ್ಗಲಿಲ್ಲ. ನಾನೇ ಕೈಯಾರೆ ಹಲಗೆ ಹೊಡೆದೆ. ಮಗಳು ಬಂದು ಅಲುಗಾಡಿಸಿ ನೋಡಿದಳು.

"ಅಪ್ಪಾ, ಚಿಕ್ಕ ಮೊಳೆ. ಅದೂ ಹೊರಗಿಂದ ಹೊಡ್ದೀರಿ. ಒಳಗಿಂದ ಒತ್ತಿದ್ರೆ ಕಿತ್ಕಂತಾವೆ."

"ಒಳಗಿಂದ ಒತ್ತೋರು ಯಾರವ್ವಾ? ದೇವ್ರಾ?"

ಅಂದಿನಿಂದ ಹೆಂಡತಿ ನನ್ನೊಡನೆ ಮಾತು ಬಿಟ್ಟಳು. ಒಂದು ಕಡೆ ಅಡುಗೆ ಕಟ್ಟೆ, ಇನ್ನೊಂದು ಕಡೆ ಮಲಗಲು ಕಟ್ಟೆ ಕೂರಿಸಿದ ಮೇಲೆ ಮಧ್ಯೆ ಉಳಿದದ್ದು ಮೂರೂವರೆ ಅಡಿ. ಅಷ್ಟರಲ್ಲಿ ಮಾತು ಬಿಟ್ಟಿರುವುದು ಬಲು ಕಷ್ಟ. ನನ್ನಿಂದ ಒಂದು ಮೊಳ ದೂರದಲ್ಲಿ ನಿಂತು, "ಅತ್ತೆ, ನಿಮ್ಮ ಮಗನಿಗೆ ಕಾಲು ಮಡಚ್ಕಳಕ್ಕೆ ಹೇಳ್ರಿ," ಅನ್ನುವಳು. ಅವ್ವ ನನಗೆ ಹೇಳುವಳು. ನಾನು ಮಡಚಿಕೊಳ್ಳುವೆ.

ಗೃಹಪ್ರವೇಶದ ಹಿಂದಿನ ದಿನ ಅವ್ವನ ಮೂಲಕವೇ ಹೆಂಡತಿಯ ಕೊನೆಯ ಮಾತು ಬಂತು. "ಹಾಲು ಉಕ್ಕಿಸಿ ಕೊಡ್ತೀನಿ. ಆಮೇಲೆ ನಾನು ಊರ ಮನೆಗೆ ಹೋಗ್ತೀನಿ. ಇಲ್ಲಿ ಅವ್ರೂ ದೇವ್ರೂ ಇಬ್ರೇ ಇರ್ಲಿ."

ಆ ರಾತ್ರಿ ನನಗೆ ಊಟ ಸೇರಲಿಲ್ಲ. ಶಿವ ನನಗೆ ಅಡುಗೆ ಮಾಡಿ ಹಾಕುವವನಲ್ಲ.

ಹಸು ಬಂತು

ಹೊಸ ಮನೆಯೊಳಗೆ ಮೊದಲು ಹಸು ಕಾಲಿಡಬೇಕು, ಅದು ಪದ್ಧತಿ. ಪಕ್ಕದ ಹೊಲದವರ ಹಸು ತರಿಸಿದೆವು. ಹುಲ್ಲುಗಾವಲಿನಲ್ಲೇ ಬೆಳೆಯುವ ತಳಿ, ಮೊಳಕ್ಕಿಂತ ಉದ್ದದ ಕೊಂಬು. ಕರುವಿಗೆ ಒಳಗೆ ಜಾಗ ಸಾಲದೆಂದು ಅದನ್ನು ಮನೆಯ ಹಿಂದೆ ಕಟ್ಟಿದೆವು. ದೇವರ ಪಟ ಅವ್ವನ ಕೈಯಲ್ಲಿತ್ತು. ಪೂಜೆಗೆ ಬಂದಿದ್ದ ಅಯ್ನೋರು ಮಂತ್ರ ಶುರುಮಾಡಿದರು. ಯಜಮಾನನೇ ಹಗ್ಗ ಹಿಡಿಯಬೇಕೆಂದು ನಾನು ಮುಂದೆ, ಹಸು ಹಿಂದೆ, ಮಣ್ಣಿನ ಇಳಿಜಾರು ಹತ್ತಿ ಒಳಗೆ ಹೋದೆವು.

ಹೋದೆವು, ಸರಿ. ನನ್ನ ಬೆನ್ನು ದೇವರ ಗೂಡಿನ ಹಲಗೆಗೆ ತಾಗಿತು. ಎದುರಿಗೆ ಹಸು. ಅದಕ್ಕೆ ತಿರುಗಲು ಜಾಗವಿಲ್ಲ, ನನಗೆ ದಾಟಲು ಜಾಗವಿಲ್ಲ.

ಹಸುವಿನ ಯಜಮಾನ ಹೊರಗಿನಿಂದ ಕೂಗಿದ. "ಹಿಂದಕ್ಕೆ ತಳ್ರೀ!"

"ನೀನೇ ಬಾಲ ಹಿಡಿದು ಎಳಿಯಯ್ಯಾ!"

"ಅದು ಹಿಂದಕ್ಕೆ ನಡ್ಯೋ ಹಸು ಅಲ್ರೀ!"

ಅಯ್ನೋರು ಇದ್ದ ಮಂತ್ರವೆಲ್ಲ ಮುಗಿಸಿ, ಮತ್ತೆ ಮೊದಲಿನಿಂದ ಶುರುಮಾಡಿದರು. ಅಷ್ಟರಲ್ಲಿ ಹಲಗೆಯ ಆಚೆ ಕರು "ಅಂಬಾ" ಅಂತು. ಹಸುವಿನ ಕಿವಿ ನೆಟ್ಟಗಾಯಿತು. ತಲೆ ತಗ್ಗಿಸಿತು. ನಾನು ಹಗ್ಗ ಬಿಟ್ಟು, ಪಂಚೆ ಎತ್ತಿಕೊಂಡು ಮಲಗುವ ಕಟ್ಟೆಗೆ ಹಾರಿದೆ. ಹಸು ಹಣೆಯಿಂದ ಒಂದೇ ಸಲ ಒತ್ತಿತು. ಮೊಳೆಗಳೆಲ್ಲ ಕಿತ್ತು ಹಲಗೆ ಹೊರಗೆ ಅಂಗಾತ ಬಿತ್ತು. ಅದರ ಮೇಲೆ ಕಾಲಿಟ್ಟು, ಅವಸರವಿಲ್ಲದೆ ಇಳಿದು, ಹಸು ಕರುವನ್ನು ನೆಕ್ಕುತ್ತಾ ನಿಂತಿತು.

ಮನೆಯೊಳಗೆ ಬೆಳಕು ಬಂತು, ಗಾಳಿ ಬಂತು. ಅಯ್ನೋರು ಗಂಟಲು ಸರಿಮಾಡಿಕೊಂಡು, "ಗೋವು ಪೂರ್ವದಿಂದ ಬಂದು ಪಶ್ಚಿಮಕ್ಕೆ ದಾಟಿತು. ಶುಭ," ಎಂದರು.

ಹಾಲಿನ ಪಾತ್ರೆ ಹಿಡಿದು ಮುಂಬಾಗಿಲಲ್ಲಿ ನಿಂತಿದ್ದ ಹೆಂಡತಿ, ಕಟ್ಟೆಯ ಮೇಲೆ ಪಂಚೆ ಹಿಡಿದು ಕುಕ್ಕರಿಸಿದ್ದ ನನ್ನನ್ನು ನೋಡಿದಳು. ಎಷ್ಟೋ ದಿನದ ಮೇಲೆ ಅವ್ವನ ಮಧ್ಯಸ್ಥಿಕೆಯಿಲ್ಲದೆ ನೇರವಾಗಿ ನನ್ನೊಡನೆ ಮಾತಾಡಿದಳು.

"ರೀ, ಅದನ್ನ ಮತ್ತೆ ಮುಚ್ತೀರಾ? ಇಲ್ಲಾ ಅಲ್ಲಿ ಕರು ನೆಕ್ತಿರೋ ಆಯಮ್ಮನೂ ನಿಮ್ಮ ಹತ್ರ ಮಾತು ಬಿಡ್ಬೇಕಾ?"

ಗೋಮಾತೆಗೆ ಎದುರಾಡುವ ಕುಲದವನಲ್ಲ ನಾನು. ಕಟ್ಟೆಯಿಂದ ಇಳಿದು ಕೈಮುಗಿದೆ. ಹಸುವಿಗೋ ಹೆಂಡತಿಗೋ ಎಂದು ಭಾವಮೈದ ಇಂದಿಗೂ ಕೇಳುತ್ತಾನೆ. ಹೆಂಡತಿ ಒಲೆ ಹಚ್ಚಿದಳು, ಹಾಲು ಉಕ್ಕಿತು, ಊರ ಮನೆಯ ಮಾತು ಅಲ್ಲಿಗೇ ನಿಂತಿತು. ಶಿವ ಈಗ ಹಿಂಬಾಗಿಲ ಪಕ್ಕದ ಎರಡಡಿ ಗೋಡೆಯಲ್ಲಿದ್ದಾನೆ. ಬೆಳಿಗ್ಗೆ ಅವನಿಗೆ ಬೆಳಕೂ ಸಿಗುತ್ತದೆ, ಗಾಳಿಯೂ ಸಿಗುತ್ತದೆ.

ಓದಿದವರಲ್ಲಿ ಒಂದು ಕೋರಿಕೆ. ಹಿಂಬಾಗಿಲು ಮುಚ್ಚಬೇಕೆಂದು ಸುತ್ತಿಗೆ ಹಿಡಿದ ಗಂಡಸರು ಎಲ್ಲಾದರೂ ಕಂಡರೆ, ದಯವಿಟ್ಟು ಈ ಕತೆ ಹೇಳಿ ಕಳಿಸಿ. ಇಷ್ಟು ಉದ್ದ ಕೊಂಬಿನ ಹಸು ಎಲ್ಲರ ನೆರೆಯಲ್ಲೂ ಇರುವುದಿಲ್ಲ.