ದೂಮಣ್ಣ ಮಾವನ ಕೋವಿ

ದೂಮಣ್ಣ ಮಾವ ತೀರಿಕೊಂಡ ಸುದ್ದಿ ಊರಿನಿಂದ ಬಂದಾಗ ಸಂಕಪ್ಪ ದೋಹಾದ ಗೋದಾಮಿನಲ್ಲಿ ಪೈಪು ಎಣಿಸುತ್ತಿದ್ದ. ಫೋನಿನಲ್ಲಿ ಅಕ್ಕ ಪೂವಕ್ಕ ಅಳುತ್ತಲೇ ಹೇಳಿದಳು: "ಬೊಜ್ಜದ ಕ್ರಿಯೆಗೆ ಅಳಿಯ ನೀನೇ ನಿಲ್ಲಬೇಕು. ಮಾವನ ಕೋವಿಯನ್ನೂ ಠಾಣೆಗೆ ಒಪ್ಪಿಸಬೇಕಂತೆ. ಬೇಗ ಬಾ."

ಸಾಕಿ ಸಲಹಿದ ಸೋದರಮಾವ. ಅವರ ಉತ್ತರಕ್ರಿಯೆಗೆ ಹೋಗದಿದ್ದರೆ ಈ ಜನ್ಮ ಯಾತಕ್ಕೆ? ಆದರೆ ರಜೆಗೆ ಡೇಲ್ ಸಾಹೇಬರ ಸಹಿ ಬೇಕು. ಆ ಅಮೆರಿಕದ ಅಧಿಕಾರಿಯ ಮುಖ ಬೀಗ ಹಾಕಿದ ಕಬ್ಬಿಣದ ಪೆಟ್ಟಿಗೆಯ ಹಾಗೆ.

"ಬರೀ ಮಾವ ಅಂದ್ರೆ ಸಾಲದು," ಎಂದ ಗುಮಾಸ್ತ ಆನ್ಸೆಲ್ಮ್. "ಅವರಲ್ಲಿ ಮಾವ ಅಂದ್ರೆ ಕ್ರಿಸ್ಮಸ್ಸಿಗೆ ಕಾರ್ಡು ಕಳಿಸುವ ಜನ."

"ಕೋವಿಯ ವಿಷಯ ಹೇಳಿ ಸಂಕಪ್ಪಣ್ಣ!" ಡ್ರೈವರ್ ಪಕೀರಬ್ಬ ನಡುವೆ ಬಾಯಿ ಹಾಕಿದ. "ನಮಗೆ ಮೀನು ಹೇಗೋ ಅವರಿಗೆ ಕೋವಿ ಹಾಗೆ ಮಾರಾಯ್ರೆ. ಯಲ್ಲಾ, ಬೇಗ ಹೋಗಿ!"

ಸಾಹೇಬರ ಕೋಣೆಗೆ ಹೋಗಿ ಸಂಕಪ್ಪ ಕೋವಿ ಎಂದದ್ದೇ ತಡ, ಅವರು ಎದ್ದು ಬಾಗಿಲು ಹಾಕಿದರು. ತಾವೇ ಕಾಫಿ ಬಗ್ಗಿಸಿದರು.

"ನಿಮ್ಮ ಮಾವ ಅದನ್ನು ಯಾಕೆ ಇಟ್ಟಿದ್ದರು?"

"ತೋಟಕ್ಕೆ ಬರುವ ಮಂಗಗಳಿಗೆ, ಸರ್."

"ಎಷ್ಟು ಹೊಡೆದರು?"

"ಒಂದೂ ಇಲ್ಲ. ಅದರಲ್ಲಿ ಗುಂಡೇ ಇರಲಿಲ್ಲ."

"ಮತ್ತೆ?"

"ಅದು ಮಂಗಗಳಿಗೆ ಗೊತ್ತಿರಲಿಲ್ಲ, ಸರ್."

ಸಾಹೇಬರು ನಗಲಿಲ್ಲ. ಅವರಿಗೂ ಊರಲ್ಲಿ ಏಳು ಕೋವಿಗಳಿದ್ದವು. ಬಯಲಿನ ನಡುವೆ ಒಂಟಿ ಮನೆ, ಪೊಲೀಸರು ಬರುವಷ್ಟರಲ್ಲಿ ಕಳ್ಳ ಊಟ ಮಾಡಿ ಕೈ ತೊಳೆದು ಹೋಗಬಹುದು. ತನ್ನ ಮನೆಯನ್ನು ತಾನೇ ಕಾಯದವನು ಗಂಡಸೇ ಅಲ್ಲ ಎಂದು ಅವರ ತಂದೆ ಹೇಳುತ್ತಿದ್ದರಂತೆ.

"ಇಷ್ಟರವರೆಗೆ ಎಷ್ಟು ಕಳ್ಳರು ಬಂದರು, ಸರ್?"

"ಒಬ್ಬನೂ ಇಲ್ಲ."

"ಹಾಗಾದರೆ ಏಳು ಯಾಕೆ?"

"ಬಂದಿಲ್ಲವಲ್ಲ, ಅದಕ್ಕೇ!" ಎಂದ ಸಾಹೇಬರು ಕಿಟಕಿಯ ಕಡೆ ತಿರುಗಿದರು. "ಅದರಲ್ಲಿ ಒಂದು ನನ್ನ ತಂದೆಯದು. ಗೋಡೆಯ ಮೇಲೆ ಅದು ಇದ್ದರೆ ಬಾಗಿಲಲ್ಲಿ ಅವರೇ ನಿಂತ ಹಾಗೆ. ಇಲ್ಲಿ ನನಗೆ ಸರಿಯಾಗಿ ನಿದ್ದೆ ಬರುವುದಿಲ್ಲ."

ಕಬ್ಬಿಣ ಕಾದಿದೆ ಎಂದುಕೊಂಡ ಸಂಕಪ್ಪ ಇನ್ನೊಂದು ಪೆಟ್ಟು ಹಾಕಿದ. "ನಮ್ಮಲ್ಲಿ ಯಜಮಾನ ಮನೆಯಲ್ಲಿ ಇಲ್ಲದಿದ್ದರೆ ಕೋವಿ ಕೈತಪ್ಪಿತು ಅಂತಲೇ ಲೆಕ್ಕ, ಸರ್. ತಡಮಾಡಬಾರದು."

ಸಾಹೇಬರ ಮುಖ ಬಿಳಿಚಿತು. "ನನ್ನವು ಏಳೂ ಬಾವನ ಮನೆಯಲ್ಲಿವೆ. ಅವನು ಕುಡುಕ!" ಎನ್ನುತ್ತ ಪೆನ್ನು ತೆಗೆದು ಸರಸರನೆ ಬರೆಯತೊಡಗಿದರು.

ರಜೆ ಸಿಕ್ಕಿತೆಂದು ಸಂಕಪ್ಪ ಹೊರಗೆ ಬಂದು ದೇವರಿಗೆ ಕೈಮುಗಿದ. ಪಕೀರಬ್ಬ ಆಗಲೇ ಟಿಕೆಟಿಗೆ ಫೋನು ಮಾಡುತ್ತಿದ್ದ. "ನಾನು ಹೇಳಲಿಲ್ವಾ?"

ಸ್ವಲ್ಪ ಹೊತ್ತಿನಲ್ಲಿ ಆನ್ಸೆಲ್ಮ್ ಕಾಗದ ಹಿಡಿದು ಬಂದ. ಅವನ ಮುಖ ಹಳಸಿದ ಗಂಜಿಯಂತಿತ್ತು.

"ರಜೆ ಮಂಜೂರಾಗಿದೆ ಸಂಕಪ್ಪಣ್ಣ. ಸಾಹೇಬರದ್ದು. ನೀವಿಬ್ಬರೂ ಒಟ್ಟಿಗೆ ಹೋಗುವ ಹಾಗಿಲ್ಲವಲ್ಲ, ಅವರು ಬರುವ ತನಕ ಗೋದಾಮು ನಿಮ್ಮ ತಲೆಗೆ."

ಅಷ್ಟರಲ್ಲಿ ಚೀಲ ಹೆಗಲಿಗೇರಿಸಿ ಸಾಹೇಬರೇ ಬಂದು ಸಂಕಪ್ಪನ ಬೆನ್ನು ತಟ್ಟಿದರು. "ನನ್ನ ಸಂಕಟ ಈ ಊರಲ್ಲಿ ಅರ್ಥವಾಗುವುದು ನಿನಗೊಬ್ಬನಿಗೇ," ಎಂದು ಪಕೀರಬ್ಬನ ಗಾಡಿಯನ್ನೇ ಹತ್ತಿದರು.

ಸಂಜೆ ಮುಐದರ್ ಬಡಾವಣೆಯ ತನ್ನ ಕೋಣೆಯಲ್ಲಿ ಸಂಕಪ್ಪ ಸ್ನಾನ ಮಾಡಿ ದೀಪ ಹಚ್ಚಿದ. ಮಾವನಿಗೆ ಪ್ರಿಯವಾದ ವೀಳ್ಯದೆಲೆ, ಅಡಿಕೆಯನ್ನು ತಟ್ಟೆಯಲ್ಲಿಟ್ಟು ದಕ್ಷಿಣಕ್ಕೆ ಮುಖಮಾಡಿ ನೀರು ಬಿಟ್ಟ.

"ಮಾವ, ನನಗೆ ಬರಲಿಕ್ಕೆ ಆಗಲಿಲ್ಲ, ಕ್ಷಮಿಸಿ. ತೋಟದ ಚಿಂತೆ ಬೇಡ, ಮಂಗಗಳಿಗೆ ಇನ್ನೂ ಗೊತ್ತಾಗಿಲ್ಲ. ನೆಮ್ಮದಿಯಿಂದ ಹೋಗಿ. ದೇವರು ನಿಮ್ಮನ್ನು ತನ್ನ ಪಾದದ ನೆರಳಲ್ಲಿ ತಣ್ಣಗಿಡಲಿ."