ಮೇಷ್ಟ್ರ ಮೇಣದಬತ್ತಿ

ಹಬ್ಬದ ಬೆಳಗ್ಗೆಯೇ ಕಾಸ್ತೆಲ್‌ವೆರ್ನೊ ಊರಿನ ಭಾಷಣಕಾರ, ಕರಣಿಕ ಬಿಂದೊ, ಮೀನಿನ ಮುಳ್ಳನ್ನು ಗಂಟಲಿಗೆ ಸಿಕ್ಕಿಸಿಕೊಂಡು ದನಿ ಕಳೆದುಕೊಂಡ. ಎಲ್ಲ ಶುರುವಾದದ್ದು ಅಲ್ಲಿಂದ.

"ಭಾಷಣ ನೀವೇ ಮಾಡ್ಬೇಕಂತೆ ಮೇಷ್ಟ್ರೇ," ಎಂದು ನಗರಸಭೆಯ ಯಜಮಾನರ ಆಳು ಬಂದು ಹೇಳಿದ.

ಲತ್ತಾನ್ಸಿಯೊ ಮೇಷ್ಟ್ರು ಕೂಡಲೇ ಭಾಷಣ ಬರೆಯಲು ಕೂತರು. ಊರ ಮಕ್ಕಳಿಗೆ ಲ್ಯಾಟಿನ್ ಕಲಿಸುತ್ತಲೇ ತಲೆ ಬೆಳ್ಳಗಾಗಿದ್ದರೂ ಅವರಿನ್ನೂ ಪರಊರಿನವರೇ. ಸಂತರ ಮೆರವಣಿಗೆಯಲ್ಲಿ ಮೇಣದಬತ್ತಿ ಹಿಡಿಯುವ ಹಕ್ಕು ಊರ ಪೌರರಿಗೆ ಮಾತ್ರ. ತಾವು ಕಲಿಸಿದ ಹುಡುಗರೆಲ್ಲ ಬತ್ತಿ ಹಿಡಿದು ಸಾಗುವುದನ್ನು ಮೇಷ್ಟ್ರು ವರ್ಷವರ್ಷವೂ ಮೀನಂಗಡಿಯ ಸೂರಿನಡಿ ನಿಂತು ಆಸೆಗಣ್ಣಿನಿಂದ ನೋಡುತ್ತಿದ್ದರು. ಇವತ್ತು ಮಾತು ಗೆದ್ದರೆ ಬತ್ತಿ ಕೈಗೆ ಬಂದರೂ ಬಂದೀತು!

ಅಷ್ಟರಲ್ಲಿ ಪಾದ್ರಿ ಬಾಲ್ದೊ ಬಂದರು. "ಹಳೇ ರೋಮಿನ ದೇವರುಗಳ ಸುದ್ದಿ ಎತ್ತೀರ, ಜೋಕೆ! ನಮ್ಮ ಸಂತರು ಬರ್ಲಿ," ಎಂದು ಅರ್ಧ ಭಾಷಣ ಹೊಡೆದುಹಾಕಿದರು.

ರೊಟ್ಟಿ ಸುಡುವ ಪಿಪ್ಪಾ, "ಸಂತರು ನನ್ನ ರೊಟ್ಟಿ ತಿಂದ್ರು ಅಂತ ಒಂದು ಮಾತು ಸೇರ್ಸಿ, ನಿಮ್ಮ ಗಂಟೇನು ಹೋಗುತ್ತೆ?" ಎಂದಳು.

"ಸಂತರು ಸತ್ತು ಮುನ್ನೂರು ವರ್ಷ ಆಯ್ತಲ್ಲಮ್ಮಾ!"

"ಹಾಗಾದ್ರೆ ನಮ್ಮಜ್ಜಿ ರೊಟ್ಟಿ ಅನ್ನಿ."

ಚೌಕದಲ್ಲಿ ಮೇಷ್ಟ್ರು ಲ್ಯಾಟಿನ್ನಿನಲ್ಲೇ ಶುರುಮಾಡಿದರು. ರೋಮು, ಸಂತರು, ರೊಟ್ಟಿ ಎಲ್ಲ ಕಲಸುಮೇಲೋಗರ. ಜನ ಆಕಳಿಸಿದರು. ಕತ್ತೆಯೊಂದು ಅರಚಿದಾಗ, "ಹಾಂ, ಇದು ತಿಳೀತು!" ಎಂದು ಯಾರೋ ಕೂಗಿದರು. ಮೇಷ್ಟ್ರಿಗೆ ದುಃಖ ಉಕ್ಕಿ ಬಂತು; ಲ್ಯಾಟಿನ್ ಬಿಟ್ಟು ಬೀದಿಯ ಮಾತಿಗೇ ಇಳಿದರು.

"ನನಗೇನೂ ಬೇಡ್ರಪ್ಪಾ. ಒಂದ್ಸಲ ನಿಮ್ಮ ಜೊತೆ ಬತ್ತಿ ಹಿಡಿದು ನಡೀಬೇಕು. ಸತ್ತಾಗ, ಅಯ್ಯೋ ನಮ್ಮವನು ಹೋದ ಅಂತ ಯಾರಾದ್ರೂ ಅನ್ಬೇಕು. ಅಷ್ಟೇ."

ಮೊದಲು ಪಿಪ್ಪಾ ಅತ್ತಳು, ಆಮೇಲೆ ಚೌಕವೇ ಅತ್ತಿತು. ಯಜಮಾನರು ಕಣ್ಣೊರೆಸಿಕೊಂಡು, "ಇವತ್ತಿಂದ ಮೇಷ್ಟ್ರು ನಮ್ಮೂರ ಪೌರರು!" ಎಂದು ಸಾರಿ, ತಮ್ಮ ಕೈಯಾರೆ ಬತ್ತಿ ಕೊಟ್ಟರು.

ಮೆರವಣಿಗೆ ಹೊರಟಿತು. ಮೇಷ್ಟ್ರ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಆಗ ಕರಣಿಕ ಬಿಂದೊ ಪಕ್ಕಕ್ಕೆ ಬಂದು ಗೊಗ್ಗರು ದನಿಯಲ್ಲಿ, "ಸಂತೋಷ ಮೇಷ್ಟ್ರೇ. ಶಾಲೆ ಬೀಗದಕೈ ಕೊಟ್ಬಿಡಿ," ಎಂದ.

"ಯಾಕ್ರೀ?"

"ಊರವರಾದ್ರೆ ಯಾವುದೋ ಒಂದು ಬಣ ಹಿಡೀತಾರೆ, ನ್ಯಾಯಾಧೀಶರೂ ಮೇಷ್ಟ್ರೂ ಪರಊರಿನವರೇ ಆಗ್ಬೇಕು ಅಂತ ಕಾನೂನಿದೆಯಲ್ಲ. ಹುಡುಗರಿಗೆ ಅದನ್ನ ಬಾಯಿಪಾಠ ಮಾಡಿಸಿದ್ದೇ ನೀವು! ಹಬ್ಬಕ್ಕೆ ಬಂದಿರೋ ಬೊಲೊನ್ಯದ ಪಂಡಿತ ನಿಮ್ಮ ಕೆಲಸಕ್ಕೆ ಆಗ್ಲೇ ಒಪ್ಕೊಂಡಾಯ್ತು."

ಮೀನಂಗಡಿಯ ಸೂರಿನಡಿ ಹೊಸ ಮೇಷ್ಟ್ರಾದ ಆ ಪಂಡಿತ ನಿಂತು, ಸಾಗಿಬರುತ್ತಿದ್ದ ಬತ್ತಿಗಳನ್ನು ಆಸೆಗಣ್ಣಿನಿಂದ ನೋಡುತ್ತಿದ್ದ. ಲತ್ತಾನ್ಸಿಯೊ ಮೇಷ್ಟ್ರು, ಕೈಯಲ್ಲಿ ಬತ್ತಿ ಹಿಡಿದು, ಅವನು ನಿಂತಿದ್ದ ಜಾಗವನ್ನೇ ಆಸೆಗಣ್ಣಿನಿಂದ ನೋಡುತ್ತ ಮುಂದೆ ನಡೆದರು.